ಏಳನೇ ಹಾಡಿನ ನೆಗಡಿ

ಒಂಬೈನೂರು ರೂಪಾಯಿ. ಗುಬ್ಬಿಯ ಹಳೇ ಸಾಮಾನಿನ ಅಂಗಡಿಯವರು ಗ್ರಾಮಫೋನ್ ರೆಕಾರ್ಡಿಗೆ ಸಾವಿರದ ಇನ್ನೂರು ಹೇಳಿದ್ದರು; ರಟ್ಟಿನ ಹೊದಿಕೆ ಹರಿದಿದೆ ಎಂದು ತೋರಿಸಿ ಮುನ್ನೂರು ಇಳಿಸಿದೆ. ಸಾವಿರದ ಇನ್ನೂರಕ್ಕೇ ದೇವರನಾಮದ ಇನ್ನೊಂದು ರೆಕಾರ್ಡೂ ಇತ್ತು. ಅತ್ತೆಗೆ ಬೇಕಾದ ಹಾಡು ಎರಡರಲ್ಲೂ ಇತ್ತು. ಅದರಲ್ಲಿ ಒಂದೊಂದು ಬದಿಗೆ ನಾಲ್ಕೇ ಹಾಡು, ಇದರಲ್ಲಿ ಏಳು. ಮೂರು ಹಾಡು ಕೊಸರು ಸಿಕ್ಕಿದಾಗ ಯಾರು ಬಿಡುತ್ತಾರೆ? ಅಂಗಡಿಯಲ್ಲೇ ಮೊದಲ ಹಾಡು ಹಾಕಿಸಿ ಕೇಳಿದೆ. ತಂಬೂರಿಯ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿತು. ತಂದೆ.

ಮದುವೆಯಾದಾಗಿನಿಂದ ಅತ್ತೆ ನನ್ನನ್ನು ಜುಗ್ಗ ಎಂದೇ ಲೆಕ್ಕ ಹಾಕಿದ್ದಾರೆ. ಅವರು ಚಿಕ್ಕಂದಿನಲ್ಲಿ ಕೇಳಿದ್ದ ಆ ಹಾಡನ್ನು ರೆಕಾರ್ಡಿನಲ್ಲೇ ಕೇಳಿಸಿ ಆ ಹೆಸರು ಕಳೆದುಕೊಳ್ಳಬೇಕೆಂಬುದು ನನ್ನ ಆಸೆ. ಭಾನುವಾರ ಅವರು ಕುಣಿಗಲ್‌ನಿಂದ ಮರಳೂರಿನ ನಮ್ಮ ಮನೆಗೆ ಬಂದರು. ಆರು ಹಾಡು ಮುಗಿದವು. ಅವರು ಕಾಯುತ್ತಿದ್ದ ಏಳನೆಯದು ಶುರುವಾಯಿತು. 'ಸ' ಬಂದರೂ 'ಶ' ಬಂದರೂ ಒಗ್ಗರಣೆಗೆ ನೀರು ಬಿದ್ದ ಸದ್ದು.

"ಯಾಕೆ ಈಯಮ್ಮಂಗೆ ಇಷ್ಟೊಂದು ನೆಗಡಿ?" ಎಂದರು ಅತ್ತೆ.

"ಅಮ್ಮ, ಅದು ರೆಕಾರ್ಡು ಕಣಮ್ಮ," ಎಂದಳು ನನ್ನ ಹೆಂಡತಿ.

"ರೆಕಾರ್ಡಾದ್ರೇನು, ನೆಗಡಿ ನೆಗಡೀನೆ."

ರೆಕಾರ್ಡ್ ಪ್ಲೇಯರಿನ ಮುಳ್ಳು ಒರೆಸಿದೆ. ಒತ್ತು ಸಾಲದೇನೋ ಎಂದು ಮುಳ್ಳಿನ ಕೈಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟೆ.

"ಒಂದ್ರುಪಾಯಿಗೆ ಯಾರ್ ಹಾಡ್ತಾರೆ ಅಳಿಯಂದ್ರೆ? ಐದಾದ್ರೂ ಇಡಿ!"

ಅಂಗಡಿಯವರಿಗೆ ಫೋನ್ ಮಾಡಿ ಜಗಳ ತೆಗೆದೆ. ಅವರು ನಕ್ಕರು. "ಸಾರ್, ಮೊದಲ್ನೇ ಹಾಡು ಅಂಚಲ್ಲಿ, ಏಳನೇದು ತೀರಾ ಒಳಗೆ. ಅಂಚಲ್ಲಿ ಸುತ್ತು ದೊಡ್ಡದು, ಒಳಗೋಯ್ತಾ ಚಿಕ್ಕದು. ಒಂದ್ ಸುತ್ತಿಗೆ ಹಿಡಿಯೋ ಟೈಮ್ ಮಾತ್ರ ಒಂದೇ. ಅಷ್ಟೇ ಹಾಡು ಕಮ್ಮಿ ಜಾಗದಲ್ಲಿ ಮುದುರ್ಕೊಂಡಿರ್ತದೆ, ಹೆಬ್ಬೂರ್ ಬಸ್ಸಲ್ಲಿ ಮೂರು ಜನದ ಸೀಟಲ್ಲಿ ಐದು ಜನ ಕೂತಂಗೆ. ಏಳು ಹಾಡಿಂದೇ ಬೇಕು ಅಂದೋರು ನೀವೇ ತಾನೆ?"

"ಆ ನಾಲ್ಕು ಹಾಡಿಂದು ಇದ್ಯಾ?"

"ಇದೆ. ಅದ್ರಲ್ಲಿ ನಿಮ್ ಹಾಡೇ ಫಸ್ಟು. ಸಾವಿರದ ಇನ್ನೂರು."

ಜೀವನದಲ್ಲಿ ಮೊದಲ ಸಲ ಚೌಕಾಸಿ ಮಾಡದೆ ತಂದೆ. ಸಂಜೆ ಅತ್ತೆ ಕಣ್ಣು ಮುಚ್ಚಿ ಮೂರು ಸಲ ಕೇಳಿದರು. ಆಮೇಲೆ ಮಗಳ ಕಡೆ ತಿರುಗಿ, "ಪರವಾಗಿಲ್ಲ ಕಣೇ, ನಿನ್ ಗಂಡ ಕೈ ಬಿಚ್ತಾರೆ," ಎಂದರು.

ನೀವು ರೆಕಾರ್ಡು ಕೊಳ್ಳುವಾಗ ಹಾಡು ಎಣಿಸಬೇಡಿ. ಬೇಕಾದ ಹಾಡು ಅಂಚಿನ ಹತ್ತಿರ ಇದೆಯೇ ನೋಡಿ. ಒಳಗಿದ್ದರೆ ಅಂಗಡಿಯಲ್ಲೇ ಮೊದಲು ಅದನ್ನು ಹಾಕಿಸಿ, 'ಸ'ಕಾರ ಕೇಳಿ. ಆಮೇಲೆ ಚೌಕಾಸಿಗೆ ಬಾಯಿ ಬಿಡಿ.