ಲಾಗ್‌ಬುಕ್ ಮತ್ತು ಕಪಾಟಿನ ಕೀ

ಕಾವೂರಿನಲ್ಲಿ ನನ್ನದೊಂದು ಬ್ಯಾಗಿನ ಅಂಗಡಿ ಇದೆ. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಾದ್ದರಿಂದ ಗಲ್ಫಿಗೆ ಹೊರಟವರು ಕೊನೆ ಗಳಿಗೆಯಲ್ಲಿ ಬಂದು ಚಕ್ರದ ಪೆಟ್ಟಿಗೆ, ಹಗ್ಗ, ಬೀಗ ಕೊಂಡು ಹೋಗುತ್ತಾರೆ. ಇಪ್ಪತ್ತೆರಡು ವರ್ಷ ಅಲ್ಲಿ ಇದ್ದು ಬಂದವನು, ನೋಡಿ ಹೇಳಲಿ ಎಂದು ಕೆಲವರು ತಮ್ಮ ಆಫರ್ ಲೆಟರನ್ನು ನನಗೆ ತೋರಿಸುವುದೂ ಉಂಟು. ಓದುತ್ತೇನೆ, ಒಳ್ಳೆಯದಾಗಲಿ ಎನ್ನುತ್ತೇನೆ. ಅವರಲ್ಲಿ ಒಂದಿಬ್ಬರು ಮೂರೇ ತಿಂಗಳಿಗೆ ಅದೇ ಪೆಟ್ಟಿಗೆಯ ಮುರಿದ ಚಕ್ರ ಸರಿ ಮಾಡಿಸಲು ಬಂದು ನಿಲ್ಲುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ನಾನು ಯಾವ ಶಾಲೆಯಲ್ಲೂ ಕಲಿತದ್ದಲ್ಲ.

ಅಂಥ ನನ್ನ ಮನೆಗೇ ಒಂದು ಆಫರ್ ಲೆಟರ್ ಬಂತು, ಮಗಳ ಹೆಸರಿಗೆ.

ಮಗಳು ಹೆಲಿಕಾಪ್ಟರ್ ಪೈಲಟ್. ಹೀಗೆಂದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ವಿಮಾನ ಬಿಟ್ಟು ಹೆಲಿಕಾಪ್ಟರ್ ಯಾಕೆ? ಮಂತ್ರಿಗಳನ್ನು ಕೂರಿಸಿಕೊಂಡು ಹೋಗುವುದಾ? ಮೊದಲನೆಯದಕ್ಕೆ ಅವಳ ಉತ್ತರ, ರನ್‌ವೇ ಇಲ್ಲದ ಕಡೆಯೂ ಇಳಿಯಬಹುದು ಎಂದು. ಎರಡನೆಯದಕ್ಕೆ ಅವಳ ಬಳಿ ಉತ್ತರ ಇರಲಿಲ್ಲ. ಲೈಸೆನ್ಸ್ ಕೈಗೆ ಬಂದು ಎರಡು ವರ್ಷವಾದರೂ ಅವಳು ಯಾರನ್ನೂ ಕೂರಿಸಿಕೊಂಡು ಎಲ್ಲಿಗೂ ಹೋಗಿರಲಿಲ್ಲ. ಯಾವ ಕಂಪನಿಗೆ ಬರೆದರೂ ಎಷ್ಟು ಗಂಟೆ ಹಾರಿಸಿದ್ದೀರಿ ಎಂಬುದೇ ಮೊದಲ ಮಾತು. ತರಬೇತಿಯಲ್ಲಿ ಹಾರಿಸಿದ ಗಂಟೆ ಅವರಿಗೆ ಸಾಲದು. ಹೆಚ್ಚು ಗಂಟೆ ಬೇಕಾದರೆ ಕೆಲಸ ಸಿಗಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎನ್ನುವುದು ಇದಕ್ಕೇ.

ಕರೆಗಳು ಬರುತ್ತಿರಲಿಲ್ಲ ಎಂದಲ್ಲ. ಚುನಾವಣೆ ಹತ್ತಿರ ಬಂದಾಗ ಒಂದು ಕಂಪನಿಯವನು ಫೋನ್ ಮಾಡಿ, ಪ್ರಚಾರದ ಹಾರಾಟಕ್ಕೆ ನಾಳೆಯೋ ನಾಡಿದ್ದೋ ಕರೆಯುತ್ತೇವೆ, ಬ್ಯಾಗು ಕಟ್ಟಿಟ್ಟುಕೊಳ್ಳಿ ಎಂದ. ಅವಳು ಕಟ್ಟಿಟ್ಟಳು. ಮತ ಎಣಿಕೆ ಮುಗಿದು ಹೊಸ ಮಂತ್ರಿಗಳು ಪ್ರಮಾಣವಚನ ತೆಗೆದುಕೊಂಡ ಮೇಲೆ ಅವಳೇ ಬಿಚ್ಚಿದಳು. ಇನ್ನೊಬ್ಬ ನೀವು ಆಯ್ಕೆಯಾಗಿದ್ದೀರಿ ಎಂದು ಹೇಳಿ ಫೋನ್ ಸ್ವಿಚ್ ಆಫ್ ಮಾಡಿದವನು ಮತ್ತೆ ಆನ್ ಮಾಡಲೇ ಇಲ್ಲ. ಅಷ್ಟರಲ್ಲಿ ಅವಳು ಬಿಕರ್ನಕಟ್ಟೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡಲು ಸೇರಿದ್ದಳು. ಸಂಜೆ ಬಸ್ಸಿಳಿದು ಅಂಗಡಿಯ ಮುಂದೆ ಬರುವಾಗ ಮೇಲೆ ವಿಮಾನದ ಸದ್ದು ಕೇಳಿದರೆ ಮೊದಲೆಲ್ಲ ತಲೆ ಎತ್ತಿ ನೋಡುತ್ತಿದ್ದವಳು, ಆಮೇಲೆ ನೋಡುವುದನ್ನು ಬಿಟ್ಟಳು.

ಆಗ ಬಂದದ್ದು ಈ ಕಾಗದ. ಉತ್ತರದ ಒಂದು ಬೆಟ್ಟದ ಊರಿನಿಂದ. ಯಾತ್ರೆಯ ಸಮಯದಲ್ಲಿ ಜನರನ್ನು ಕೆಳಗಿನಿಂದ ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಹೆಲಿಕಾಪ್ಟರಿನಲ್ಲಿ ಸಾಗಿಸುವ ಕಂಪನಿ. ಅವಳು ಕೋಪೈಲಟ್. ಬಂದು ಕಾಣಬೇಕಾದ ದಿನ ಬರೆದಿದ್ದರು, ಆದರೆ ಕೆಲಸಕ್ಕೆ ಸೇರುವ ದಿನವನ್ನು ಮುಂದೆ ತಿಳಿಸುತ್ತಾರಂತೆ. ಮೊದಲು ನೆಲದ ಮೇಲಿನ ಕೆಲಸ, ಹಾರಾಟ ಕಂಪನಿಯ ಇಚ್ಛೆಯಂತೆ. ಮೂರನೆಯ ಪುಟದ ಕೆಳಗೆ ಇನ್ನೊಂದು ಸಾಲಿತ್ತು. ನಾನು ಹೆಂಡತಿಯ ಕನ್ನಡಕ ಇಸಿದುಕೊಂಡು ಅದನ್ನು ಎರಡು ಸಲ ಓದಿದೆ. ಒಪ್ಪಂದ ಮುಗಿಯುವ ತನಕ ಪೈಲಟಿನ ಒರಿಜಿನಲ್ ಲಾಗ್‌ಬುಕ್ ಕಂಪನಿಯ ವಶದಲ್ಲಿರತಕ್ಕದ್ದು.

ಲಾಗ್‌ಬುಕ್ ಎಂದರೆ ಒಂದು ಉದ್ದನೆಯ ರಟ್ಟಿನ ಪುಸ್ತಕ. ಪೈಲಟ್ ಹಾರಿಸಿದ ಪ್ರತಿಯೊಂದು ಗಂಟೆಯೂ ಅದರಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಅದಕ್ಕೆ ಕಲಿಸಿದವರ ಸಹಿ, ಮೊಹರು. ಅದು ಕಳೆದುಹೋದರೆ ಅವಳು ಹಾರಿದ್ದಕ್ಕೆ ಆಕಾಶ ಬಂದು ಸಾಕ್ಷಿ ಹೇಳುವುದಿಲ್ಲ. ಯಾವ ಕಾಗದವನ್ನು ಬೇಕಾದರೂ ಕೊಡು, ಒರಿಜಿನಲ್ ಕೊಡಬೇಡ ಎಂದುಬಿಟ್ಟೆ. ಮಗಳು ಸಮಾಧಾನದಿಂದಲೇ ಹೇಳಿದಳು. ಕಂಪನಿಗಳು ಕೇಳುತ್ತವೆ, ತಪಾಸಣೆಗೆ ಬಂದವರಿಗೆ ತೋರಿಸಬೇಕಾಗುತ್ತದೆ, ಇದರಲ್ಲಿ ಮೋಸ ಏನೂ ಇಲ್ಲ. ಹೆಂಡತಿ ಮಗಳ ಪರ. ಇವರು ಮೊಸರಲ್ಲಿ ಕಲ್ಲು ಹುಡುಕುವವರು, ನೀನು ಹೊರಡು ಎಂದಳು.

ನಾನು ಹುಡುಕುವುದಕ್ಕೆ ಕಾರಣವಿದೆ. ನನಗೆ ಆ ಕಲ್ಲು ಒಮ್ಮೆ ಹಲ್ಲಿಗೇ ಸಿಕ್ಕಿತ್ತು. ನಾನು ಗಲ್ಫಿಗೆ ಹೋದ ಮೊದಲ ದಿನವೇ ಅರಬಾಬ್ ನನ್ನ ಪಾಸ್‌ಪೋರ್ಟ್ ಇಸಿದುಕೊಂಡು ಕಬ್ಬಿಣದ ಕಪಾಟಿನಲ್ಲಿಟ್ಟ. ಅರಬಾಬ್ ಎಂದರೆ ಅಲ್ಲಿಯ ಧಣಿ. ಎಲ್ಲರದ್ದೂ ಅಲ್ಲೇ ಇತ್ತು, ಯಾರೂ ಏನೂ ಹೇಳುತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ ತಾಯಿ ಇದ್ದ ಪಡೀಲಿನ ಮನೆಯಿಂದ ಅಣ್ಣನ ಫೋನು, ಉಮ್ಮನಿಗೆ ಕಾಯಿಲೆ ಜೋರಾಗಿದೆ, ನಿನ್ನನ್ನೇ ಕೇಳುತ್ತಿದ್ದಾರೆ, ಬೇಗ ಬಾ ಎಂದು. ನಾನು ಆಫೀಸಿಗೆ ಓಡಿದೆ. ಅಲ್ಲಿ ಕೂತಿದ್ದ ಗುಮಾಸ್ತ ಕಪಾಟು ತೋರಿಸಿ, ಪಾಸ್‌ಪೋರ್ಟ್ ಇದರಲ್ಲೇ ಇದೆ ಎಂದ. ಹಾಗಾದರೆ ಕೀ ಯಾರ ಹತ್ತಿರ ಎಂದು ಕೇಳಿದೆ. ಅರಬಾಬನ ಹತ್ತಿರ. ಅರಬಾಬ್ ಎಲ್ಲಿ? ಬೇರೆ ದೇಶಕ್ಕೆ ತಿರುಗಾಟಕ್ಕೆ ಹೋಗಿದ್ದಾರೆ, ಹತ್ತು ದಿನ ಕಳೆದು ಬರುತ್ತಾರೆ. ಉಮ್ಮ ಆರು ದಿನ ಜೀವ ಹಿಡಿದುಕೊಂಡಿದ್ದರು. ಆ ಆರು ದಿನವೂ ನಾನು ಆ ಕಪಾಟಿನ ಎದುರಿನ ಕುರ್ಚಿಯಲ್ಲಿ ಹೋಗಿ ಕೂತು ಬಂದೆ. ಈ ಕತೆಯನ್ನು ಮಗಳಿಗೆ ಅವಳು ಸಣ್ಣವಳಿದ್ದಾಗಿನಿಂದ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ನಮ್ಮವರಲ್ಲಿ ಒಂದು ಪದ್ಧತಿ ಇದೆ. ಎಲ್ಲಿಂದಲಾದರೂ ಕೆಲಸದ ಕಾಗದ ಬಂದರೆ, ಆ ಊರಿನಲ್ಲಿರುವ ನಮ್ಮವನೊಬ್ಬ ಹೋಗಿ ಕಂಪನಿಯ ಬಾಗಿಲು ನೋಡಿ ಬರಬೇಕು. ಆಮೇಲೆಯೇ ಪೆಟ್ಟಿಗೆ ಕಟ್ಟುವುದು. ದುಬೈಯೋ ದಮಾಮೋ ಆಗಿದ್ದರೆ ಅರ್ಧ ಗಂಟೆಯ ಕೆಲಸ. ಈ ಬೆಟ್ಟದ ಊರಿನಲ್ಲಿ ನಮ್ಮವರನ್ನು ಹುಡುಕಲು ನಾಲ್ಕು ದಿನ ಬೇಕಾಯಿತು. ಕೊನೆಗೆ ಹೆಂಡತಿಯ ಕಡೆಯ ದೂರದ ಸಂಬಂಧಿಯೊಬ್ಬ ಅಲ್ಲಿಯ ಬಸ್ ನಿಲ್ದಾಣದ ಹತ್ತಿರ ಹೋಟೆಲ್ ಇಟ್ಟಿದ್ದಾನೆ ಎಂದು ಗೊತ್ತಾಯಿತು. ಅವನು ಹೋಗಿ ನೋಡಿ ಫೋನ್ ಮಾಡಿದ. ಟೈಲ್ಸ್ ಅಂಗಡಿಯ ಮೇಲೆ ಆಫೀಸು, ಬೋರ್ಡು ಹೊಸದು. ಒಳಗೆ ಒಬ್ಬಳು ಹೆಂಗಸು, ಚಹಾ ಕೊಟ್ಟಳು. ಊರಾಚೆಯ ಮೈದಾನದಲ್ಲಿ ಒಂದು ಹೆಲಿಕಾಪ್ಟರ್ ನಿಂತಿದೆ, ಟಾರ್ಪಾಲು ಹೊದಿಸಿದ್ದಾರೆ.

ಹಾರಿದ್ದನ್ನು ನೋಡಿದ್ದೀಯಾ ಎಂದು ಕೇಳಿದೆ.

“ಸೀಸನ್ ಶುರುವಾಗ್ಲಿಲ್ಲ ಅಲ್ವಾ ಮಾರಾಯ್ರೆ, ಸುಮ್ಮನೆ ಯಾರು ಹಾರಿಸ್ತಾರೆ?” ಎಂದ.

ಟಾರ್ಪಾಲಿನ ಒಳಗೆ ಹೆಲಿಕಾಪ್ಟರೇ ಇದೆ ಎಂದು ಹೇಗೆ ಗೊತ್ತು? ರೆಕ್ಕೆ ಹೊರಗೆ ಕಾಣುತ್ತಿತ್ತಂತೆ. ಹೊಸ ಬೋರ್ಡು ಯಾಕೆ? ಹಳತು ಗಾಳಿಗೆ ಬಿದ್ದಿರಬಹುದಂತೆ. ಇವನು ಕಂಪನಿಯ ಪರ ಇಷ್ಟು ಮಾತಾಡುವುದು ಯಾಕೆ ಎಂದು ನನಗೆ ಅವನ ಮೇಲೆಯೂ ಅನುಮಾನ ಬಂತು. ನಿಜವಾಗಿ ಹೋಗಿದ್ದಾನೋ, ಹೋಟೆಲಿನಲ್ಲಿ ಕೂತೇ ಹೇಳುತ್ತಿದ್ದಾನೋ ತಿಳಿಯಲು, ಆಫೀಸಿಗೆ ಹತ್ತುವ ಮೆಟ್ಟಿಲು ಎಡಗಡೆಯೋ ಬಲಗಡೆಯೋ ಎಂದು ಮಾತಿನ ನಡುವೆ ಕೇಳಿದೆ. ಎಡಗಡೆ ಎಂದ. ಎಡಗಡೆಯೋ ಅಲ್ಲವೋ ನನಗಾದರೂ ಎಲ್ಲಿ ಗೊತ್ತು? ಫೋನ್ ಇಟ್ಟ ಮೇಲೆ ನನ್ನ ಮೇಲೆಯೇ ಸಿಟ್ಟು ಬಂತು.

ಮಗಳು ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ಅಂಗಡಿಗೆ ಬಂದು, ಗಿರಾಕಿಗಳು ಹೋಗುವ ತನಕ ಕಾದು, ನನ್ನ ಎದುರು ಕೂತಳು.

“ಉಪ್ಪ, ಎರಡು ವರ್ಷದಲ್ಲಿ ಕಾಗದದಲ್ಲಿ ಬಂದದ್ದು ಇದೊಂದೇ. ಇದು ಸುಳ್ಳಾದ್ರೆ ನಾನು ವಾಪಸ್ ಬರ್ತೇನೆ. ಹೋಗದೇ ಇದ್ರೆ ಮಾತ್ರ ನಾನು ಇನ್ನು ಕೇಳುವುದೇ ಇಲ್ಲ, ಫಿಸಿಕ್ಸ್ ಕಲಿಸಿಕೊಂಡು ಇರ್ತೇನೆ.”

ನಾನು ಆಗಲಿ ಎಂದೆ. ಟಿಕೆಟ್ ಮಾಡಿಸಿದ್ದೂ ನಾನೇ. ಅಂಗಡಿಯಲ್ಲಿದ್ದ ಒಳ್ಳೆಯ ಪೆಟ್ಟಿಗೆಯನ್ನೇ ಆರಿಸಿ, ನಾಲ್ಕು ಚಕ್ರವನ್ನೂ ನೆಲದ ಮೇಲೆ ಎಳೆದು ನೋಡಿ ಮನೆಗೆ ತಂದೆ. ಅವಳು ನಗುನಗುತ್ತಾ ಬಟ್ಟೆ ತುಂಬಿಸುತ್ತಿದ್ದಳು. ತಾಯಿ ಮಗಳು ಬಟ್ಟೆ ಅಂಗಡಿಗೆಂದು ಹೊರಗೆ ಹೋದಾಗ ನಾನು ಮಾಡಿದ್ದನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ. ಪೆಟ್ಟಿಗೆ ಬಿಚ್ಚಿ, ಬಟ್ಟೆಯ ಅಡಿಯಿಂದ ಲಾಗ್‌ಬುಕ್ ತೆಗೆದೆ.

ತೆಗೆದವನು ಸುಮ್ಮನೆ ಇಡಲಿಲ್ಲ, ಬಿಡಿಸಿ ಓದಿದೆ. ಅರ್ಧ ಅರ್ಥವಾಗಲಿಲ್ಲ. ಒಂದು ಪುಟದಲ್ಲಿ ಅವಳು ಮೊದಲ ಸಲ ಒಬ್ಬಳೇ ಹಾರಿಸಿದ ದಿನ ಇತ್ತು, ಪಕ್ಕದಲ್ಲಿ ಕಲಿಸಿದವರ ದೊಡ್ಡ ಸಹಿ. ಆ ತಾರೀಕು ನನಗೆ ನೆನಪಿತ್ತು, ನನ್ನ ಅಂಗಡಿ ತೆರೆದ ದಿನ. ಅಂದು ಫೋನ್ ಮಾಡಿದಾಗ ಇವತ್ತು ಎಂತ ಮಾಡಿದೆ ಎಂದು ಕೇಳಿದ್ದೆ. ಬಟ್ಟೆ ಒಗೆದೆ ಎಂದಿದ್ದಳು. ಹೆದರುತ್ತೇವೆಂದು ಮುಚ್ಚಿಟ್ಟಿದ್ದಾಳೆ ಎಂದು ತಿಳಿದು ಕಣ್ಣು ತುಂಬಿತು. ಅದರ ಜೊತೆಗೇ, ಇಷ್ಟನ್ನು ಮುಚ್ಚಿಟ್ಟವಳು ಇನ್ನೆಷ್ಟು ಮುಚ್ಚಿಟ್ಟಿದ್ದಾಳೋ ಎಂದೂ ಅನಿಸಿತು. ನನ್ನ ಬುದ್ಧಿಯೇ ಹಾಗೆ. ಪುಸ್ತಕವನ್ನು ಕಪಾಟಿನಲ್ಲಿ ನನ್ನ ಹಳೆಯ ಪಾಸ್‌ಪೋರ್ಟುಗಳ ಕಟ್ಟಿನ ಮೇಲಿಟ್ಟು ಬೀಗ ಹಾಕಿದೆ. ಅಲ್ಲಿ ಹೋಗಿ ಪುಸ್ತಕ ಇಲ್ಲವೆಂದು ಗೊತ್ತಾದಾಗ ಝೆರಾಕ್ಸ್ ಕೊಟ್ಟು ನೋಡುತ್ತಾಳೆ, ಒಳ್ಳೆಯ ಕಂಪನಿಯಾದರೆ ಒಪ್ಪುತ್ತದೆ, ಕಳ್ಳ ಕಂಪನಿಯಾದರೆ ಪುಸ್ತಕವಾದರೂ ಉಳಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ಬುದ್ಧಿವಂತಿಕೆಯ ಕೆಲಸ ಮಾಡಿದೆ ಎಂದೇ ಆಗ ಅನಿಸಿತ್ತು.

ಹೊರಡುವ ದಿನ ಬೆಳಿಗ್ಗೆ ಅವಳು ಪೆಟ್ಟಿಗೆಯನ್ನು ಇನ್ನೊಮ್ಮೆ ನೋಡುತ್ತಾಳೆಂದು ನಾನು ಎಣಿಸಿರಲಿಲ್ಲ. ಪುಸ್ತಕ ಕಾಣಲಿಲ್ಲ. ಬಟ್ಟೆಯೆಲ್ಲ ಹಾಸಿಗೆಯ ಮೇಲೆ ಬಂತು. ಹೆಂಡತಿ ಅಡುಗೆ ಕೋಣೆಯ ಡಬ್ಬಿಗಳನ್ನೂ ಬಿಡಲಿಲ್ಲ. ಮಗಳು ಮಂಚದಡಿ ನುಗ್ಗಿ ನೋಡಿದಳು. ಕೋಚಿಂಗ್ ಸೆಂಟರಿಗೆ ಫೋನ್ ಮಾಡಿ, ಅಲ್ಲಿಯ ಮೇಜಿನ ಮೇಲೆ ನೋಡಲು ಹೇಳಿದಳು. ನಾನೂ ಹುಡುಕಿದೆ. ಹೌದು, ಹುಡುಕುವವರ ಜೊತೆ ಸೇರಿ ಟಿವಿಯ ಹಿಂದೆ, ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಕೈಯಾಡಿಸಿದೆ. ಅಂಗಿಯ ಕಿಸೆಯಲ್ಲಿದ್ದ ಕೀ ಬಗ್ಗಿದಾಗಲೆಲ್ಲ ಎದೆಗೆ ತಾಗುತ್ತಿತ್ತು.

ಒಂದು ಗಂಟೆ ಕಳೆದಿರಬೇಕು. ವಿಮಾನ ಮಧ್ಯಾಹ್ನಕ್ಕೆ. ಮಗಳು ಹುಡುಕುವುದನ್ನು ನಿಲ್ಲಿಸಿ, ಹಾಸಿಗೆಯ ತುದಿಯಲ್ಲಿ ಬಟ್ಟೆಯ ರಾಶಿಯ ನಡುವೆ ಕೂತಳು. ಅವಳ ಎದುರಿಗೇ ಕಪಾಟು. ಮನೆಯಲ್ಲಿ ಹುಡುಕದೆ ಉಳಿದದ್ದು ಅದೊಂದೇ. ಅವಳು ಅದನ್ನೇ ನೋಡುತ್ತಿದ್ದಳು, ಆಮೇಲೆ ನನ್ನ ಕಡೆ ತಿರುಗಿದಳು. ಸ್ವರದಲ್ಲಿ ಸಿಟ್ಟು ಇರಲಿಲ್ಲ.

“ಉಪ್ಪ, ಕಪಾಟಿನ ಕೀ ಯಾರ ಹತ್ತಿರ ಉಂಟು?”

ಬೇಕೆಂದೇ ಹಾಗೆ ಕೇಳಿದಳೋ, ಬರೇ ಕೀ ಬೇಕಿತ್ತೋ, ಆಗ ನನಗೆ ತಿಳಿಯಲಿಲ್ಲ. ಆರು ದಿನ ಕುರ್ಚಿಯಲ್ಲಿ ಕೂತು ಯಾರನ್ನು ಶಪಿಸಿದ್ದೆನೋ, ಅವನ ಜಾಗದಲ್ಲಿ ಈಗ ನಾನು ನಿಂತಿದ್ದೆ. ಅವನಾದರೂ ಊರಲ್ಲಿರಲಿಲ್ಲ. ನಾನು ಎದುರಿಗೇ ಇದ್ದು, ಕೀಯನ್ನು ಕಿಸೆಯಲ್ಲಿಟ್ಟುಕೊಂಡು, ಅವಳ ಜೊತೆ ಹುಡುಕುವ ನಾಟಕ ಮಾಡುತ್ತಿದ್ದೆ. ಅರಬಾಬ್ ನನಗಿಂತ ಮೇಲು ಎಂದು ಅನಿಸಿತು.

ಕೀ ತೆಗೆದು ಅವಳ ಕೈಯಲ್ಲಿಟ್ಟೆ. ಅವಳೇ ಕಪಾಟು ತೆರೆದಳು, ಪುಸ್ತಕ ತೆಗೆದಳು, ಕೆಳಗಿದ್ದ ಪಾಸ್‌ಪೋರ್ಟಿನ ಕಟ್ಟು ಜಾರಿದ್ದನ್ನು ಸರಿಯಾಗಿಟ್ಟಳು. ತಪ್ಪಾಯಿತು ಎಂದು ಹೇಳಬೇಕಿತ್ತು. ಬಾಯಿಂದ ಬಂದದ್ದು, ರಿಕ್ಷಾ ಕರೆಯುತ್ತೇನೆ ಎಂಬ ಮಾತು. ಅವಳು ಒಂದೊಂದೇ ಬಟ್ಟೆಯನ್ನು ಮತ್ತೆ ಪೆಟ್ಟಿಗೆಗೆ ತುಂಬಿಸಿದಳು, ನಾನು ಪಕ್ಕದಲ್ಲಿ ಕೂತು ಮಡಚಿ ಕೊಟ್ಟೆ.

ಅವಳು ಹೋಗಿ ಈಗ ಎರಡೂವರೆ ತಿಂಗಳಾಯಿತು. ಹಾರಾಟ ಇನ್ನೂ ಸಿಕ್ಕಿಲ್ಲ. ಬೆಳಿಗ್ಗೆ ಯಾತ್ರಿಕರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳುವ ಕೆಲಸವಂತೆ. ಮುಂದಿನ ತಿಂಗಳು ಹಾರಾಟಕ್ಕೆ ಕೂರಿಸುತ್ತೇವೆ ಎಂದಿದ್ದಾರಂತೆ. ಕಳೆದ ತಿಂಗಳೂ ಹಾಗೆಯೇ ಎಂದಿದ್ದರು. ನನಗೆ ಏನೇನೋ ಕೇಳಬೇಕೆನಿಸುತ್ತದೆ, ತಡೆದುಕೊಳ್ಳುತ್ತೇನೆ. ಪುಸ್ತಕದ ವಿಷಯವನ್ನಂತೂ ಒಂದು ದಿನವೂ ಎತ್ತಿರಲಿಲ್ಲ. ಮೊನ್ನೆ ಅವಳೇ ಎತ್ತಿದಳು.

“ಪುಸ್ತಕ ಅವರಿಗೆ ಕೊಟ್ಟಿದ್ದೇನೆ ಉಪ್ಪ. ಕೊಡುವ ಮೊದಲೇ ಕಪಾಟಿನ ಕೀ ಯಾರ ಹತ್ತಿರ ಇರ್ತದೆ ಅಂತ ಕೇಳಿದೆ. ಇಬ್ಬರ ಹತ್ತಿರ ಉಂಟಂತೆ. ಇಬ್ಬರ ಮನೆಯನ್ನೂ ನೋಡಿ ಬಂದಿದ್ದೇನೆ.”

ನಾನು ಅಂಗಡಿಯಲ್ಲಿದ್ದೆ. ಎದುರಿಗೆ ಒಬ್ಬ ಗಿರಾಕಿ ಪೆಟ್ಟಿಗೆಯ ಚಕ್ರ ತಿರುಗಿಸಿ ನೋಡುತ್ತಿದ್ದ. ಇಬ್ಬರೂ ಒಟ್ಟಿಗೇ ರಜೆಯಲ್ಲಿ ಹೋದರೆ ಎಂತ ಮಾಡುತ್ತೀ ಎಂದು ಕೇಳಲು ಬಾಯಿ ತೆರೆದೆ. ಆಮೇಲೆ, ಊಟ ಆಯಿತಾ ಮಗಳೇ ಎಂದು ಕೇಳಿದೆ.