ನಾಲ್ಕು ಮೂಲೆಯ ಅರಿಶಿನ

ಮಾರೇನಹಳ್ಳಿಯಲ್ಲಿ ನಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರಿಗೆ ಎಪ್ಪತ್ತು ದಾಟಿದೆ. ಜನ ಲಗ್ನಪತ್ರಿಕೆಯನ್ನು ಫೋನಿಗೇ ಕಳಿಸಿ ಎನ್ನತೊಡಗಿದ ಮೇಲೆ ಅವರು, "ಈ ಕಂಪ್ಯೂಟರ್ ನನ್ ಕೈಗೆ ಬರ್ಲಿಲ್ಲ ಅಂದ್ರೆ ಪ್ರೆಸ್ ಮುಚ್ಚಿಬಿಡ್ತೀನಮ್ಮ" ಎಂದಿದ್ದರು. ಅಂದಿನಿಂದ ದಿನಾ ಊಟವಾದ ಮೇಲೆ ಅರ್ಧ ಗಂಟೆ ಹೇಳಿಕೊಡುತ್ತಿದ್ದೆ. ಮೌಸನ್ನು ಅವರು ಬಿಸಿ ಕಾಫಿ ಲೋಟದಂತೆ ಹಿಡಿಯುತ್ತಿದ್ದರು.

ಮೊದಲ ಪತ್ರಿಕೆಯನ್ನು ತಾವೇ ಕಳಿಸುವ ದಿನ ಬಂತು. ನಮ್ಮ ಪ್ರೆಸ್ಸಿನಲ್ಲಿ ನಾಲ್ಕು ಮೂಲೆಗೆ ಅರಿಶಿನ ಹಚ್ಚದೆ ಯಾವ ಲಗ್ನಪತ್ರಿಕೆಯನ್ನೂ ಕೊಡುವುದಿಲ್ಲ. ನಾನು ನೋಡುವಷ್ಟರಲ್ಲಿ ಅವರು ಅರಿಶಿನದ ಬಟ್ಟಲು ತಂದು ಸ್ಕ್ರೀನಿಗೇ ಒಂದು ಬೊಟ್ಟು ಇಟ್ಟಿದ್ದರು.

"ಸಾರ್, ಅದು ಇಲ್ಲೇ ಉಳ್ಕೊಳುತ್ತೆ, ಅವ್ರಿಗೆ ಹೋಗಲ್ಲ!"

ನಗುತ್ತಲೇ ಗಾಜು ಒರೆಸಿ, ಬಣ್ಣ ತುಂಬುವುದನ್ನು ತೋರಿಸಿದೆ. ನಾನು ಆರಿಸಿದ ಹಳದಿಯನ್ನು ಅವರು ಒಪ್ಪಲಿಲ್ಲ.

"ಇದು ನಿಂಬೆಹಣ್ಣು ಕಣಮ್ಮ. ಅಡುಗೆಮನೇಲಿ ಅರಿಶಿನ ನೋಡೇ ಇಲ್ವಾ ನೀನು? ಕೊಡು ಇಲ್ಲಿ."

ಮೌಸ್ ಕಿತ್ತುಕೊಂಡು, ಇಪ್ಪತ್ತು ನಿಮಿಷ ಬಣ್ಣ ಹುಡುಕಿ, ನಾಲ್ಕೂ ಮೂಲೆಗೆ ತಾವೇ ಇಟ್ಟು ಕಳಿಸಿದರು.

ಮರುದಿನ ನಾನು ಬರುವ ಹೊತ್ತಿಗೆ ಅವರು ಕಂಪ್ಯೂಟರ್ ಹಾಕಿಕೊಂಡು, ಯಾರದೋ ಗೃಹಪ್ರವೇಶದ ಪತ್ರಿಕೆ ತೆರೆದು ಕೂತಿದ್ದರು.