ಅರವತ್ತು ಸೆಂಟಿಮೀಟರ್

ಕಚೇರಿಯಲ್ಲಿ ಆಕೆಯನ್ನು ಎದುರಿಗೆ ‘ಅಕ್ಕ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ನೆನಪೋಲೆ’ ಎನ್ನುತ್ತಿದ್ದರು. ಆಕೆಗೂ ಅದು ಗೊತ್ತಿತ್ತು. ಬೇಸರವೇನೂ ಇರಲಿಲ್ಲ, ಯಾಕೆಂದರೆ ಇಪ್ಪತ್ತಾರು ವರ್ಷ ಆಕೆ ಮಾಡಿದ್ದು ಅದೇ ಕೆಲಸ. ಅದು ಅಪಘಾತಗಳ ತನಿಖೆ ಮಾಡುವ ಕಚೇರಿ. ಬಸ್ಸು ಉರುಳಿದರೆ, ದೋಣಿ ಮಗುಚಿದರೆ ಇಲ್ಲಿಂದ ಜನ ಹೋಗಿ ಯಾಕೆ ಹೀಗಾಯಿತೆಂದು ನೋಡಿ, ಇಟ್ಟಿಗೆ ದಪ್ಪದ ವರದಿ ಬರೆದು, ಕೊನೆಗೆ ಇನ್ನು ಮುಂದೆ ಹೀಗಾಗದ ಹಾಗೆ ಏನು ಮಾಡಬೇಕೆಂದು ಶಿಫಾರಸು ಮಾಡುತ್ತಾರೆ. ಶಿಫಾರಸು ಅಷ್ಟೇ. ನಿಯಮ ಮಾಡುವ ಅಧಿಕಾರ ರಸ್ತೆಯಾಚೆಯ ಇಲಾಖೆಯದು. ಅವರು ಮಾಡಿದರೆ ಮಾಡಿದರು, ಬಿಟ್ಟರೆ ಬಿಟ್ಟರು. ಬಿಟ್ಟಾಗ, ‘ನಿಮಗೊಂದು ಶಿಫಾರಸು ಕಳಿಸಿದ್ದೆವು, ಏನಾಯಿತು’ ಎಂದು ಮರ್ಯಾದೆಯಾಗಿ ಕೇಳುವ ಪತ್ರವೇ ನೆನಪೋಲೆ. ಅದನ್ನು ಟೈಪು ಮಾಡಿ, ಸಹಿ ಹಾಕಿಸಿ, ಕಳಿಸಿ, ಉತ್ತರಕ್ಕೆ ಕಾಯುವುದು ಅಕ್ಕನ ಪಾಲಿಗೆ ಬಂದಿತ್ತು.

ರಸ್ತೆಯಾಚೆ ಎಂದರೆ ನಿಜವಾಗಿಯೂ ರಸ್ತೆಯಾಚೆ. ಅಕ್ಕನ ಕಿಟಕಿಯಿಂದ ಎದುರು ಕಟ್ಟಡದ ಮೇಜಿನ ಮೇಲಿದ್ದ ನೀಲಿ ಫ್ಲಾಸ್ಕು ಕಾಣುತ್ತಿತ್ತು. ಜೋರಾಗಿ ಕೂಗಿದರೆ ಕೇಳುವಷ್ಟು ದೂರ. ಆದರೆ ಪತ್ರ ಅಲ್ಲಿಗೆ ಮುಟ್ಟಲು ಹನ್ನೆರಡು ದಿನ, ಉತ್ತರ ಬರಲು ಏಳೆಂಟು ತಿಂಗಳು. ನಡುವೆ ಇದ್ದದ್ದು ಒಂದು ಜೀಬ್ರಾ ಪಟ್ಟೆ ಮತ್ತು ಒಂದು ಟೀ ಅಂಗಡಿ. ಎರಡೂ ಕಚೇರಿಯವರು ಅಲ್ಲಿ ಒಟ್ಟಿಗೆ ನಿಂತು ಟೀ ಕುಡಿಯುತ್ತಿದ್ದರು, ಫೈಲಿನ ಮಾತು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಆಕೆಯ ನೆತ್ತರು ಕುದಿಸಿದ ಫೈಲು ಒಂದೇ, ಬಸ್ಸಿನ ಹಿಂಬಾಗಿಲಿನದು. ಹನ್ನೊಂದು ವರ್ಷದ ಹಿಂದೆ ಒಂದು ಬಸ್ಸು ಮರಕ್ಕೆ ಗುದ್ದಿ, ಮುಂದಿನ ಬಾಗಿಲು ನಜ್ಜುಗುಜ್ಜಾಗಿ, ಎಂಜಿನ್ನಿಗೆ ಬೆಂಕಿ ಹತ್ತಿತ್ತು. ಹಿಂದೆ ತುರ್ತು ಬಾಗಿಲಿತ್ತು. ಹೊಲದಲ್ಲಿದ್ದವರು ಓಡಿ ಬಂದು ಎಳೆದಾಗ ಅದು ಸಲೀಸಾಗಿ ತೆರೆಯಿತು ಕೂಡ. ಆದರೆ ಬಾಗಿಲಿಗೆ ಹೋಗುವ ದಾರಿಯಲ್ಲಿ ಮಾಲೀಕ ಮೂರು ಜನ ಕೂರುವ ಸೀಟೊಂದನ್ನು ಹೆಚ್ಚಿಗೆ ಬೋಲ್ಟು ಮಾಡಿಸಿದ್ದ. ಎರಡು ಸೀಟಿನ ನಡುವೆ ಉಳಿದ ಸಂದು ಇಪ್ಪತ್ತೆರಡು ಸೆಂಟಿಮೀಟರ್. ಒಂಬತ್ತು ಜನ ಆ ಸಂದಿನ ಈಚೆಗೇ ಉಳಿದುಹೋದರು. ಅವರಲ್ಲೊಬ್ಬಳು ದೂರದ ಊರಿನ ಗಡಿಯಾರ ರಿಪೇರಿಯವರ ಹೆಂಡತಿ.

ತನಿಖೆ ಮಾಡಿದವರು ಒಬ್ಬ ಕುಳ್ಳ ಎಂಜಿನಿಯರು. ಜೇಬಲ್ಲಿ ಸದಾ ಟೇಪು ಇರುತ್ತಿದ್ದರಿಂದ ಅವರಿಗೆ ಟೇಪಣ್ಣ ಎಂದೇ ಹೆಸರು. ಅವರು ಸುಮ್ಮನೆ ವರದಿ ಬರೆಯುವ ಪೈಕಿಯಲ್ಲ. ಗುಜರಿಯಿಂದ ಎರಡು ಬಸ್ ಸೀಟು ತರಿಸಿ, ಕಚೇರಿಯ ಅಂಗಳದಲ್ಲಿ ಹಲಗೆಯ ಬಾಗಿಲು ನಿಲ್ಲಿಸಿ, ಎಷ್ಟು ಜಾಗ ಬಿಟ್ಟರೆ ಮನುಷ್ಯ ಹೊರಗೆ ಬರುತ್ತಾನೆಂದು ಪರೀಕ್ಷೆ ಇಟ್ಟರು. ವಾಚ್‌ಮನ್ ಬಂದ, ಡ್ರೈವರ್ ಬಂದ. ಆಮೇಲೆ ಟೇಪಣ್ಣ ತಲೆ ಕೆರೆದುಕೊಳ್ಳುತ್ತ ಅಕ್ಕನ ಮೇಜಿನ ಹತ್ತಿರ ನಿಂತರು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ಸ್ವಲ್ಪ ದಪ್ಪ ಇರೋರು ಒಬ್ರು ಬೇಕಿತ್ತು.”

“ಕೇಳೋದು ಕೇಳಿ ಆಯ್ತಲ್ಲ, ಇನ್ನೇನು ಬೇಜಾರು. ನಡೀರಿ,” ಎಂದು ಅಕ್ಕ ಎದ್ದರು.

ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲವೆಂದು ಟೇಪಣ್ಣ ಆಕೆಯ ಕಣ್ಣಿಗೆ ಬಟ್ಟೆ ಕಟ್ಟಿದರು. ಹಿಂದಿನಿಂದ ತಳ್ಳಲು ನಾಲ್ಕು ಜನರನ್ನು ನಿಲ್ಲಿಸಿದರು. ನಲವತ್ತೈದು ಸೆಂಟಿಮೀಟರಿಗೆ ಅಕ್ಕ ಸೊಂಟದ ಹತ್ತಿರ ಸಿಕ್ಕಿಕೊಂಡರು. ಕಚೇರಿಗೆ ಕಚೇರಿಯೇ ನಕ್ಕಿತು, ಅಕ್ಕನೂ ನಕ್ಕರು. ಆದರೆ ನಕ್ಕಷ್ಟೂ ಹೊಟ್ಟೆ ಉಬ್ಬಿ ಇನ್ನಷ್ಟು ಬಿಗಿಯಿತು, ಹಿಂದಿನವರು ಆಟಕ್ಕೆಂದೇ ತಳ್ಳುತ್ತಿದ್ದರೂ ಒಂದು ಗಳಿಗೆ ಆಕೆಗೆ ಉಸಿರು ಸಿಗಲಿಲ್ಲ. ಆ ಗಳಿಗೆಯನ್ನು ಆಕೆ ಯಾರಿಗೂ ಹೇಳಲಿಲ್ಲ. ಅರವತ್ತಕ್ಕೆ ಮೂರೇ ಉಸಿರಲ್ಲಿ ಹೊರಗೆ ಬಂದರು. ಟೇಪಣ್ಣ ಪುಸ್ತಕದಲ್ಲಿ ಅರವತ್ತು ಎಂದು ಬರೆದು ಎರಡು ಗೆರೆ ಎಳೆದರು.

ಕರಡು ಆಗಿನ ದೊಡ್ಡ ಸಾಹೇಬರ ಮೇಜಿಗೆ ಹೋಯಿತು. ‘ತುರ್ತು ಬಾಗಿಲಿನ ದಾರಿ ಕನಿಷ್ಠ ಅರವತ್ತು ಸೆಂಟಿಮೀಟರ್ ಇರತಕ್ಕದ್ದು’ ಎಂಬ ಸಾಲನ್ನು ಅವರು ಓದಿದರು, ಮೂಗು ಮುರಿದರು.

“ಅಳತೆ ಎಲ್ಲಾ ನಾವೇ ಹೇಳಿಬಿಟ್ರೆ ಆ ಕಡೆಯವರಿಗೆ ಏನನಿಸುತ್ತೆ? ಅವರಿಗೆ ಕೆಲಸ ಕಲಿಸೋಕೆ ಹೋದ ಹಾಗಾಗುತ್ತೆ. ಇಲ್ಲಿ ‘ಸಾಕಷ್ಟು ಅಂತರ’ ಅಂತ ಹಾಕಿ.”

ಟೇಪಣ್ಣ ವಾದ ಮಾಡಿದರು, ಸೋತರು, ಮುಂದಿನ ವರ್ಷ ಕೆಲಸವನ್ನೇ ಬಿಟ್ಟು ಹೋದರು. ಅಕ್ಕ ‘ಸಾಕಷ್ಟು ಅಂತರ’ ಎಂದು ಟೈಪು ಮಾಡಿದರು. ಹೊಡೆದುಹಾಕಿದ ಕರಡನ್ನು ಎಸೆಯುವ ಪದ್ಧತಿ ಇರಲಿಲ್ಲವಾಗಿ ಅದನ್ನು ನೂರಾ ಹದಿನಾಲ್ಕನೇ ಹಾಳೆಯೆಂದು ಫೈಲಿಗೆ ಸೇರಿಸಿದರು.

ಎಂಟು ತಿಂಗಳಿಗೆ ಎದುರು ಕಟ್ಟಡದಿಂದ ಉತ್ತರ ಬಂತು. ಶಿಫಾರಸನ್ನು ತಾತ್ವಿಕವಾಗಿ ಒಪ್ಪಲಾಗಿದೆ, ಸಾಕಷ್ಟು ಎಂದರೆ ಎಷ್ಟು ಎಂಬುದನ್ನು ದಯವಿಟ್ಟು ಸ್ಪಷ್ಟಪಡಿಸಿ. ಸಾಹೇಬರು ಬರೆಸಿದರು: ಸಕ್ಷಮ ಪ್ರಾಧಿಕಾರವು ಸೂಕ್ತವೆಂದು ಭಾವಿಸುವಷ್ಟು. ಆ ಕಡೆಯವರು ಕೇಳಿದರು: ಸೂಕ್ತವೆಂದು ಭಾವಿಸಲು ಆಧಾರವೇನು? ಈ ಕಡೆಯವರು ಬರೆದರು: ವರದಿಯನ್ನು ನೋಡಿ. ವರದಿಯಲ್ಲಿ ಇದ್ದದ್ದು ‘ಸಾಕಷ್ಟು’. ಹೀಗೆ ಚೆಂಡಾಟ ನಡೆಯುತ್ತ ಈ ಕಡೆ ಮೂವರು ಸಾಹೇಬರು ನಿವೃತ್ತರಾದರು, ಆ ಕಡೆ ಫ್ಲಾಸ್ಕಿನ ಬಣ್ಣ ನೀಲಿಯಿಂದ ಕೆಂಪಾಯಿತು. ಅಕ್ಕ ಮೂವತ್ತೊಂದು ನೆನಪೋಲೆ ಕಳಿಸಿದ್ದರು. ಅಷ್ಟು ಕಾಗದವನ್ನು ಒಟ್ಟಿ ಕಟ್ಟಿದ್ದರೆ ಅದರ ಮೇಲೆ ನಿಂತು ಎದುರು ಕಿಟಕಿಗೆ ಹಾರಬಹುದಿತ್ತು ಎಂದು ಆಕೆ ಸಿಟ್ಟು ಬಂದಾಗ ಹೇಳುತ್ತಿದ್ದರು.

ಗಡಿಯಾರ ರಿಪೇರಿಯವರು ಪ್ರತಿ ತಿಂಗಳ ಮೊದಲ ಸೋಮವಾರ ಸರಿಯಾಗಿ ಹನ್ನೊಂದು ಗಂಟೆಗೆ ಫೋನು ಮಾಡುತ್ತಿದ್ದರು. ಎಷ್ಟು ಸರಿಯಾಗಿ ಎಂದರೆ, ಕಚೇರಿಯ ಗೋಡೆ ಗಡಿಯಾರವನ್ನು ಅಕ್ಕ ಅವರ ಫೋನಿಗೆ ಹೊಂದಿಸುತ್ತಿದ್ದರು. ಇಬ್ಬರೂ ಒಮ್ಮೆಯೂ ಮುಖ ನೋಡಿರಲಿಲ್ಲ.

“ಏನಾದ್ರೂ ಆಯ್ತಾ ಅಮ್ಮ?”

“ನಡೀತಾ ಇದೆ ಸರ್.”

“ಸರಿ. ಮುಂದಿನ ತಿಂಗಳು ಕೇಳ್ತೀನಿ.”

ಅವರು ರೇಗಿದ್ದರೆ ಅಕ್ಕನಿಗೆ ಎಷ್ಟೋ ಹಾಯೆನಿಸುತ್ತಿತ್ತು. ರೇಗುತ್ತಿರಲಿಲ್ಲ. ‘ನಡೀತಾ ಇದೆ’ ಎನ್ನುವಾಗ ಪ್ರತಿ ಸಲ ಆಕೆಯ ನಾಲಿಗೆ ಕಹಿಯಾಗುತ್ತಿತ್ತು, ಆದರೂ ಎಂದುಬಿಡುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಇನ್ನೊಂದು ಬಸ್ಸು. ಅದೇ ಬಾಗಿಲು, ಅದೇ ಹೆಚ್ಚುವರಿ ಸೀಟು, ಸಂದು ಇಪ್ಪತ್ನಾಲ್ಕು ಸೆಂಟಿಮೀಟರ್, ಮೂವರು ಸತ್ತರು. ಹೊಸ ತನಿಖಾಧಿಕಾರಿ ಹಳೆಯ ವರದಿಯನ್ನು ತೆಗೆದು ನೋಡಿ, ‘ಹಿಂದಿನ ಶಿಫಾರಸನ್ನು ಪುನರುಚ್ಚರಿಸಲಾಗಿದೆ’ ಎಂದು ಬರೆದ. ಅದನ್ನೂ ಅಕ್ಕನೇ ಟೈಪು ಮಾಡಿದರು. ಆ ದಿನ ಊಟದ ಡಬ್ಬಿ ತೆರೆಯದೆ ಮನೆಗೆ ಹೋದರು. ಮರುದಿನ ಮಾಮೂಲಿನಂತೆ ಕೆಲಸಕ್ಕೆ ಬಂದರು, ಮತ್ತೇನು ಮಾಡಲು ಸಾಧ್ಯ ಎಂದುಕೊಂಡರು.

ಈ ವರ್ಷ ಎದುರು ಕಟ್ಟಡದಿಂದ ಎರಡು ಕಾಗದ ಒಂದೇ ಲಕೋಟೆಯಲ್ಲಿ ಬಂದವು. ಒಂದು, ಒಂಬತ್ತನೇ ಸಲ, ಸಾಕಷ್ಟು ಎಂದರೆ ಎಷ್ಟು ಎಂಬ ಪ್ರಶ್ನೆ. ಇನ್ನೊಂದು ಸುತ್ತೋಲೆ: ಹತ್ತು ವರ್ಷ ದಾಟಿದ ಶಿಫಾರಸುಗಳಿಗೆ ತಿಂಗಳ ಕೊನೆಯೊಳಗೆ ಸ್ಪಷ್ಟ ಉತ್ತರ ಬಾರದಿದ್ದರೆ ಅವನ್ನು ಮುಕ್ತಾಯಗೊಳಿಸಲಾಗುವುದು. ಮುಕ್ತಾಯ ಎಂದರೆ ಕಟ್ಟಿ ನೆಲಮಾಳಿಗೆಗೆ ಹಾಕುವುದು. ಅಲ್ಲಿಂದ ಯಾವ ಫೈಲೂ ಎದ್ದು ಬಂದದ್ದನ್ನು ಅಕ್ಕ ಕಂಡಿರಲಿಲ್ಲ. ತಿಂಗಳ ಕೊನೆಗೆ ಇನ್ನು ಒಂಬತ್ತು ದಿನ ಇತ್ತು.

ಹೊಸ ಸಾಹೇಬರ ಮುಂದೆ ಎರಡನ್ನೂ ಇಟ್ಟರು. ಅವರು ಫೋನು ನೋಡುತ್ತಲೇ, “ಹಿಂದೆ ಏನು ಉತ್ತರ ಕೊಟ್ಟಿದ್ವೋ ಅದನ್ನೇ ಹಾಕಿ ಅಕ್ಕ,” ಎಂದರು.

“ಹಿಂದೆ ಕೊಟ್ಟ ಉತ್ತರದಿಂದಲೇ ಅಲ್ವಾ ಸರ್ ಹನ್ನೊಂದು ವರ್ಷ ಆಗಿದ್ದು.”

“ನಾನು ಬಂದು ಐದು ತಿಂಗಳಾಯ್ತು ಅಷ್ಟೆ,” ಎಂದರು ಅವರು. ಅದೂ ನಿಜವೇ.

ಸಂಜೆ ಮನೆಗೆ ಬಂದಾಗ ತಂಗಿ ಮುಂಗೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅಕ್ಕತಂಗಿ ಇಬ್ಬರದೇ ಮನೆ, ಮುಂಗೋಣೆಯೇ ತಂಗಿಯ ಅಂಗಡಿ. ಚಪ್ಪಲಿ ಬಿಡುವಾಗಿನಿಂದಲೇ ಅಕ್ಕ ಗೊಣಗಲು ಶುರು ಮಾಡಿದರು, ತಂಗಿ ಕಾಲು ತುಳಿಯುತ್ತಲೇ ಕೇಳಿದಳು. ಈ ಕಥೆ ಅವಳಿಗೆ ಬಾಯಿಪಾಠ. ಆದರೆ ಅಂದು ಅವಳಿಗೂ ತಲೆ ಚಿಟ್ಟು ಹಿಡಿದಿತ್ತೋ ಏನೋ, ಯಂತ್ರ ನಿಲ್ಲಿಸಿದಳು.

“ಅಲ್ಲ ಕಣೇ, ಒಂದು ಅಂಗಿ ಹೊಲಿಯೋಕೂ ನಾನು ಅಳತೆ ಕೇಳ್ತೀನಿ. ‘ಸಾಕಷ್ಟು ಉದ್ದ ಇಡಿ’ ಅಂತ ಚೀಟಿ ಕಳಿಸಿದ್ರೆ ನಾನೂ ಬಟ್ಟೆ ಮಡಿಚಿ ಇಡ್ತೀನಿ. ಆ ಕಡೆಯವರು ಕೇಳಿದ್ರಲ್ಲಿ ತಪ್ಪೇನಿದೆ?”

“ಅವರಿಗೆ ಮನಸ್ಸಿಲ್ಲ, ಅದಕ್ಕೇ ಕೊಕ್ಕೆ ಹಾಕ್ತಾರೆ.”

“ಮನಸ್ಸಿಲ್ಲ ಅಂತ ನೀನು ಹೇಳ್ತೀಯ. ಅಳತೆ ಕೊಟ್ಟು ನೋಡಿದ್ಯಾ? ನಿನಗೆ ಗೊತ್ತಿಲ್ವಾ ಅದು?”

ಗೊತ್ತಿಲ್ಲದೆ ಏನು. ಅಕ್ಕನ ಸೊಂಟಕ್ಕೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಆಕೆ ನೂರಾ ಹದಿನಾಲ್ಕನೇ ಹಾಳೆಯನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡು ಉತ್ತರ ಟೈಪು ಮಾಡಿದರು. ‘ಸಾಕಷ್ಟು ಅಂತರವೆಂದರೆ ಕನಿಷ್ಠ ಅರವತ್ತು ಸೆಂಟಿಮೀಟರ್. ಹಳೆಯ ಬಸ್ಸುಗಳಿಗೂ ಅನ್ವಯಿಸತಕ್ಕದ್ದು. ಪರೀಕ್ಷೆಯ ವಿವರ ಲಗತ್ತಿಸಿದೆ.’ ಹಳೆಯ ಬಸ್ಸಿನ ಸಾಲೂ ಟೇಪಣ್ಣನ ಕರಡಿನಲ್ಲೇ ಇತ್ತು. ಸಹಿಗೆ ಹೋಗುವ ಇಪ್ಪತ್ತೆರಡು ಕಾಗದಗಳ ನಡುವೆ ಅದನ್ನು ಸೇರಿಸಿದರು. ಅದಕ್ಕೆ ಮೊದಲು ಹಾಗೆ ಯಾರನ್ನೂ ಯಾಮಾರಿಸಿದವರಲ್ಲ ಆಕೆ. ಸಾಹೇಬರು ಫೋನಿನಲ್ಲಿ ಮಾತಾಡುತ್ತ ಇಪ್ಪತ್ಮೂರಕ್ಕೂ ಸಹಿ ಎಳೆಯುವವರೆಗೆ ಅಕ್ಕ ಪಕ್ಕದಲ್ಲೇ ನಿಂತು ಹಾಳೆ ತಿರುವಿಕೊಟ್ಟರು. ಅದನ್ನು ಅಂಚೆಗೂ ಹಾಕಲಿಲ್ಲ. ತಾವೇ ರಸ್ತೆ ದಾಟಿ, ಕೆಂಪು ಫ್ಲಾಸ್ಕಿನವನ ಕೈಗೆ ಕೊಟ್ಟು, ಮುದ್ರೆ ಹಾಕಿಸಿಕೊಂಡು ಬಂದರು.

ಫ್ಲಾಸ್ಕಿನವ ಅಲ್ಲೇ ಓದಿದ. “ಓ, ಅರವತ್ತಾ,” ಎಂದ. “ಇದನ್ನೇ ಅಲ್ವಾ ನಾವು ಕೇಳ್ತಾ ಇದ್ದಿದ್ದು. ಮೊದಲೇ ಹೇಳಬಾರದಿತ್ತಾ?”

ಅವನ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಅಕ್ಕ ಜಗಳವಾದರೂ ಆಡುತ್ತಿದ್ದರು.

ನಾಲ್ಕು ತಿಂಗಳಿಗೆ ನಿಯಮ ಹೊರಬಂತು. ಅರವತ್ತು ಸೆಂಟಿಮೀಟರ್, ಹೊಸ ಬಸ್ಸಿಗೂ ಹಳೆಯದಕ್ಕೂ, ಆರು ತಿಂಗಳ ಗಡುವು. ಬಸ್ ಮಾಲೀಕರು ಒಂದು ವಾರ ಕೂಗಾಡಿ ಸುಮ್ಮನಾದರು. ಸಾಹೇಬರಿಗೆ ಮೇಲಿನಿಂದ ಮೆಚ್ಚುಗೆಯ ಪತ್ರ ಬಂತು. ಅವರು ಅಕ್ಕನನ್ನು ಕರೆದು, “ಈ ಅರವತ್ತು ಎಲ್ಲಿಂದ ಬಂತು?” ಎಂದು ಕೇಳಿದರು. “ಫೈಲಲ್ಲೇ ಇತ್ತು ಸರ್,” ಎಂದರು ಅಕ್ಕ. ಸಾಹೇಬರು ಮುಂದೆ ಕೇಳಲಿಲ್ಲ.

ಕಚೇರಿಯವರು ಸಿಹಿ ಹಂಚಿದರು. ಅಕ್ಕ ತಿನ್ನಲಿಲ್ಲ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಮೊದಲು ತಿಳಿಯಲಿಲ್ಲ. ಸಾಲು ಹೊಡೆದ ದೊಡ್ಡ ಸಾಹೇಬರ ಮೇಲೆ ಹಾಕಿ ನೋಡಿದರು, ಫ್ಲಾಸ್ಕಿನವನ ಮೇಲೆ ಹಾಕಿ ನೋಡಿದರು. ಎಲ್ಲಿಯೂ ನಿಲ್ಲದೆ ಅದು ತಿರುಗಿ ತಮ್ಮ ಮೇಜಿಗೇ ಬಂತು.

ಮುಂದಿನ ತಿಂಗಳ ಮೊದಲ ಸೋಮವಾರ ಹನ್ನೊಂದಕ್ಕೆ ಫೋನು ಬಂತು.

“ಏನಾದ್ರೂ ಆಯ್ತಾ ಅಮ್ಮ?”

“ಆಯ್ತು ಸರ್. ನಿಯಮ ಬಂತು. ಅರವತ್ತು ಸೆಂಟಿಮೀಟರ್ ಬಿಡ್ಲೇಬೇಕು. ಆ ಸೀಟು ಎಲ್ಲಾ ಬಸ್ಸಿಂದಲೂ ತೆಗೀಬೇಕು.”

ಆ ಕಡೆ ಹತ್ತಾರು ಗಡಿಯಾರಗಳ ಟಿಕ್‌ಟಿಕ್ ನಡುವೆ ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಅರವತ್ತು ಅಂತ ಹೇಗೆ ಗೊತ್ತಾಯ್ತು? ಈಗ ಅಳೆದ್ರಾ?”

ಇಲ್ಲಿ ‘ಹೌದು’ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಹನ್ನೊಂದು ವರ್ಷ ‘ನಡೀತಾ ಇದೆ’ ಎಂದ ಬಾಯಿಗೆ ಅದೇನು ಕಷ್ಟವಲ್ಲ. ಆದರೆ ಅಕ್ಕನಿಗೆ ಸಾಕಾಗಿತ್ತು.

“ಇಲ್ಲ ಸರ್. ನಿಮ್ಮ ಬಸ್ಸಿನ ತನಿಖೆಯಲ್ಲೇ ಅಳೆದಿದ್ರು. ನನ್ನನ್ನೇ ನುಗ್ಗಿಸಿ ನೋಡಿದ್ರು. ಬರೆದಿದ್ದನ್ನ ಹೊಡೆದು ‘ಸಾಕಷ್ಟು’ ಅಂತ ಮಾಡಿದ್ರು. ನಾನೇ ಟೈಪ್ ಮಾಡಿದೆ. ಆ ಕಡೆಯವರು ಎಷ್ಟು ಅಂತ ಕೇಳ್ತಾನೇ ಇದ್ರು. ನನಗೆ ಗೊತ್ತಿತ್ತು. ಹೇಳೋದು ನನ್ನ ಕೆಲಸ ಅಲ್ಲ ಅಂತ ಸುಮ್ನೆ ಇದ್ದೆ.”



“ಮಧ್ಯದಲ್ಲಿ ಇನ್ನೊಂದು ಬಸ್ ಆಯ್ತಲ್ಲ,” ಎಂದರು ಅವರು ನಿಧಾನವಾಗಿ. “ಪೇಪರಲ್ಲಿ ಓದಿದ್ದೆ. ಮೂರು ಜನ.”

“ಹೌದು.”

“ನನ್ನ ಹೆಂಡತಿ ನೀವು ಬರೆಯೋಕ್ಕಿಂತ ಮೊದಲೇ ಹೋದ್ಲು ಅಮ್ಮ. ನನ್ನ ಹತ್ರ ನೀವು ತಪ್ಪೊಪ್ಪಿಕೊಳ್ಳೋದು ಏನೂ ಇಲ್ಲ. ಆ ಮೂರು ಮನೆಯವರಿಗೆ ಇದನ್ನ ಹೇಳಿದ್ರಾ?”

ಅಕ್ಕ ಇಲ್ಲವೆಂದರು. ಅವರು ಫೋನಿಟ್ಟರು. ‘ಮುಂದಿನ ತಿಂಗಳು ಕೇಳ್ತೀನಿ’ ಎನ್ನಲಿಲ್ಲ.

ಅಕ್ಕ ಎದ್ದು ಎರಡನೇ ಬಸ್ಸಿನ ಫೈಲನ್ನು ಬೀರುವಿನಿಂದ ತಂದರು. ಕೊನೆಯ ಹಾಳೆಯಲ್ಲಿ ಸಂಬಂಧಿಕರ ಮೂರು ಫೋನ್ ನಂಬರುಗಳಿದ್ದವು. ಅವೂ ಆಕೆಯೇ ಟೈಪು ಮಾಡಿದ್ದು. ನಾಲ್ಕು ವರ್ಷದಲ್ಲಿ ಅವರಲ್ಲಿ ಯಾರೂ ಫೋನು ಮಾಡಿ ಏನಾಯಿತೆಂದು ಕೇಳಿರಲಿಲ್ಲ. ಈ ಫೋನಿಗೆ ಸಾಹೇಬರ ಸಹಿ ಇರಲಿಲ್ಲ, ಯಾರೂ ಬರೆದುಕೊಟ್ಟ ಸಾಲೂ ಇರಲಿಲ್ಲ. ಎರಡು ಸಲ ತಪ್ಪು ಒತ್ತಿ, ಮೂರನೇ ಸಲಕ್ಕೆ ಮೊದಲ ನಂಬರು ಸರಿಯಾಯಿತು. ಆ ಕಡೆ ವಯಸ್ಸಾದ ಹೆಂಗಸೊಬ್ಬರು ಎತ್ತಿ ಯಾರು ಎಂದು ಕೇಳಿದರು.

“ನಾನು ತನಿಖೆ ಆಫೀಸಲ್ಲಿ ಟೈಪ್ ಮಾಡೋಳು ಅಮ್ಮ. ನಿಮಗೊಂದು ವಿಷಯ ಹೇಳ್ಬೇಕಿತ್ತು,” ಎಂದರು ಅಕ್ಕ. “ತುಂಬಾ ತಡ ಆಗಿದೆ.”